ಎರಡು ಉಪ್ಪು

ನಮ್ಮ ಕಡೆ ಮನಸ್ಸಿನ ಕಾಯಿಲೆಗೆ ಔಷಧ ಬೇಕೆಂದರೆ ಜನ ಮೊದಲು ಬಸ್ಸು ಹತ್ತುತ್ತಾರೆ. ಭಟ್ಕಳದವರು ಕುಮಟೆಗೆ ಬರುತ್ತಾರೆ, ಕುಮಟೆಯವರು ಭಟ್ಕಳಕ್ಕೆ ಹೋಗುತ್ತಾರೆ. ಹೊನ್ನಾವರದ ನಿಲ್ದಾಣದಲ್ಲಿ ಎರಡೂ ಬಸ್ಸು ಅಕ್ಕಪಕ್ಕ ನಿಂತು, ಪರಿಚಯದ ಮುಖ ಎದುರಾದರೆ ಇಬ್ಬರೂ ಇಡಗುಂಜಿ ಗಣಪತಿಯ ದರ್ಶನಕ್ಕೆ ಹೊರಟೆ ಎನ್ನುವವರೇ. ನಮ್ಮ ತಂಡವೆಂದರೆ ಒಬ್ಬ ಡಾಕ್ಟರು, ನರ್ಸ್ ಆಗಿ ನಾನು, ಮತ್ತು ಗಾಡಿ ಓಡಿಸುತ್ತಲೇ ಚೀಟಿ ನೋಡಿ ಮಾತ್ರೆ ಕೊಡುವುದನ್ನೂ ಕಲಿತ ಡ್ರೈವರ್. ವಾರದಲ್ಲಿ ಒಂದೊಂದು ದಿನ ಒಂದೊಂದು ತಾಲೂಕು. ಊರವರು ನಮಗಿಟ್ಟ ಹೆಸರು ‘ಮಂಡೆ ಗಾಡಿ’. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ‘ಮಂಡೆ ಸಿಸ್ಟರ್’ ಅಂದರೆ, ‘ಹೌದು, ನಿಮ್ಮ ಮಂಡೆ ಬಿಸಿಯಾದಾಗ ಬನ್ನಿ’ ಎಂದುಬಿಡುತ್ತೇನೆ.

ಹೆಬಳೆಯ ಆ ಗಂಡ ಹೆಂಡತಿ ಕುಮಟೆಗೆ ಬಂದದ್ದೂ ಹೀಗೆಯೇ, ಬಸ್ಸಿನಲ್ಲಿ. ಗಂಡ ಮುರ್ಡೇಶ್ವರದ ರೈಲು ನಿಲ್ದಾಣದಲ್ಲಿ ಆಟೋ ಓಡಿಸುವವನು. ತನ್ನ ಆಟೋ ಎಲ್ಲರಿಗೂ ಗುರುತು ಎಂದು ಅದನ್ನು ಮನೆಯಲ್ಲೇ ಬಿಟ್ಟಿದ್ದ. ಹೆಂಡತಿಗೆ ಮೂವತ್ತು ದಾಟಿರಬಹುದು. ಮನೆಯ ಹಿತ್ತಲಲ್ಲಿ ಮಲ್ಲಿಗೆ ಬೆಳೆದು ಕಟ್ಟಿ ಮಾರುವ ಕುಟುಂಬ. ಗಿಡದ ಆರೈಕೆ ಅತ್ತೆಯದು, ಕಟ್ಟುವ ಕೆಲಸ ಸೊಸೆಯದು. ಅವಳು ಕಟ್ಟಿದ ಹೂವೇ ಆಗಬೇಕೆಂದು ಭಟ್ಕಳ ಪೇಟೆಯ ನವಾಯತ ಮುಸ್ಲಿಂ ಮನೆಗಳವರು ಮದುವೆ ಗೊತ್ತಾದ ಕೂಡಲೇ ಹೇಳಿ ಕಳಿಸುತ್ತಿದ್ದರಂತೆ. ಇದೆಲ್ಲ ಗಂಡ ಹೇಳಿದ್ದು. ಅವಳು ನೆಲ ನೋಡುತ್ತ ಕೂತಿದ್ದಳು. ತಲೆ ಬಾಚಿರಲಿಲ್ಲ, ಹೂ ಮುಡಿದಿರಲಿಲ್ಲ.

ನಮ್ಮಲ್ಲಿ ‘ನನಗೆ ದುಃಖ’ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಮೈ ಭಾರ, ಎದೆಯಲ್ಲಿ ಉರಿ, ತಲೆಯೊಳಗೆ ಗಾಳಿ ಹೊಕ್ಕ ಹಾಗೆ ಎನ್ನುತ್ತಾರೆ. ಅದಕ್ಕೇ ಎಷ್ಟೋ ಜನ ನಮ್ಮ ಹತ್ತಿರ ಬರುವ ಹೊತ್ತಿಗೆ ರಕ್ತಪರೀಕ್ಷೆ, ಗ್ಯಾಸಿನ ಮಾತ್ರೆ, ತಾಯಿತ ಎಲ್ಲ ಆಗಿರುತ್ತದೆ. ಅವಳಿಗೂ ಆಗಿತ್ತು. ಡಾಕ್ಟರು ನಿಧಾನವಾಗಿ ಒಂದೊಂದೇ ಕೇಳುತ್ತ ಹೋದರು: ನಿದ್ದೆ, ಹಸಿವು, ಬೆಳಿಗ್ಗೆ ಏಳುವಾಗಿನ ಮನಸ್ಸು. ಅವರು ಘಟ್ಟದ ಮೇಲಿನ ಬಯಲು ಸೀಮೆಯವರು. ಅವರ ಪ್ರಶ್ನೆಯನ್ನು ನಮ್ಮ ಕಡೆಯ ಮಾತಿಗೆ ತಿರುಗಿಸುವುದು ನನ್ನ ಕೆಲಸದಲ್ಲಿ ಅರ್ಧ.

‘ಮಲ್ಲಿಗೆ ಪರಿಮಳ ಬತ್ತದ್ಯಾ ನಿಂಗೆ?’ ಎಂದೆ ನಾನು.

‘ಬತ್ತದೆ’ ಎಂದಳು. ಸ್ವಲ್ಪ ತಡೆದು, ‘ಬಂದ್ರೆ ಎಂತ?’ ಎಂದಳು.

ಜೀವ ಬೇಡ ಅನಿಸುತ್ತದೆಯೇ ಎಂದು ಕೇಳಿದಾಗ ಹೌದೆಂದು ತಲೆಯಾಡಿಸಿದಳು. ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹೆದರುವವರಿದ್ದಾರೆ. ಹಾಗೇನೂ ಇಲ್ಲ, ಕೇಳಿದರೆ ಒಳಗಿದ್ದದ್ದು ಹೊರಗೆ ಬರುತ್ತದೆ, ಅಷ್ಟೇ. ಗಂಡನಿಗೆ ಅದು ಗೊತ್ತಿರಲಿಲ್ಲ. ಬಾಗಿಲ ಕಡೆ ತಿರುಗಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅವಳನ್ನು ಒಂಟಿಯಾಗಿ ಬಿಡಬಾರದು, ಮಾತ್ರೆ ನಿಮ್ಮ ಕೈಯಲ್ಲೇ ಇರಲಿ ಎಂದು ಅವನಿಗೆ ತಿಳಿಸಿ ಹೇಳಿದೆವು.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು. ಅದನ್ನು ಅವರು ಎಲ್ಲರಿಗೂ ಕೇಳುತ್ತಾರೆ: ‘ಇದಕ್ಕೆ ತದ್ವಿರುದ್ಧವಾಗಿ, ವಿಪರೀತ ಉತ್ಸಾಹ, ಮಾತು, ನಿದ್ದೆಯೇ ಬೇಡ ಅನ್ನುವಂಥ ಕಾಲ ಯಾವಾಗಲಾದರೂ ಇತ್ತೇ?’

‘ಇಲ್ಲ ಡಾಕ್ಟ್ರೇ’ ಎಂದ ಗಂಡ. ‘ಮೊದ್ಲು ಖುಷಿಯಲ್ಲೇ ಇದ್ದವ್ಳು. ಮನೆಗೆ ಲಕ್ಷ್ಮಿ ಬಂದ ಹಂಗೆ ಇದ್ಲು.’

ಈ ಪ್ರಶ್ನೆಗೆ ಹೌದು ಎನ್ನುವ ಮನೆಯವರು ಅಪರೂಪ. ಖುಷಿಯನ್ನು ಯಾರಾದರೂ ಕಾಯಿಲೆ ಎಂದು ಹೇಳುತ್ತಾರೆಯೇ? ಖಿನ್ನತೆ ಎಂದು ಬರೆದುಕೊಂಡು ಅದಕ್ಕೆ ತಕ್ಕ ಮಾತ್ರೆ ಕೊಟ್ಟು ಕಳಿಸಿದೆವು.

ಮುಂದಿನ ಸಲ ಬಂದಾಗ ನಾನು ಅವಳ ಗುರುತು ಹಿಡಿಯಲಿಲ್ಲ. ಕೆಂಪು ಸೀರೆ, ತಲೆ ತುಂಬ ಮಲ್ಲಿಗೆ, ಬುಟ್ಟಿಯಲ್ಲಿ ಇನ್ನಷ್ಟು ಮಲ್ಲಿಗೆ. ಸಾಲಿನಲ್ಲಿ ಕೂತ ಎಲ್ಲ ಹೆಂಗಸರಿಗೂ ಒಂದೊಂದು ಮೊಳ ಹಂಚಿದಳು. ಡ್ರೈವರನ ಕಿವಿಗೂ ಒಂದು ಹೂ ಸಿಕ್ಕಿಸಿದಳು. ಎಲ್ಲರೂ ನಗುತ್ತಿದ್ದರು. ಗಂಡನ ಮುಖವಂತೂ ಗೆದ್ದು ಬಂದವನ ಮುಖ. ‘ನಿಮ್ಮ ಕೈಗುಣ ಸಿಸ್ಟರ್’ ಎಂದ. ನಾನೂ ಸ್ವಲ್ಪ ಹಿಗ್ಗಿದೆ.

ಈ ಸಲ ಅತ್ತೆಯೂ ಜೊತೆಗೆ ಬಂದಿದ್ದರು. ಗಟ್ಟಿ ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಅವರು ನಗಲಿಲ್ಲ. ನಾನು ಕೈತೊಳೆಯಲು ನಲ್ಲಿಯ ಹತ್ತಿರ ಹೋದಾಗ ಹಿಂದೆಯೇ ಬಂದರು. ನಮ್ಮ ಕಡೆಯ ಹಳೇ ತಲೆಗಳು ನರ್ಸನ್ನು ಈಗಲೂ ‘ಬಾಯೋರು’ ಎನ್ನುತ್ತವೆ. ಈ ಜಿಲ್ಲೆ ಮುಂಬೈ ಸರಕಾರಕ್ಕೆ ಸೇರಿದ್ದ ಕಾಲದಿಂದ ಉಳಿದುಕೊಂಡ ಮಾತು ಅದು.

‘ಬಾಯೋರೇ, ನಾ ಹೇಳೂದು ತಪ್ಪಾ ಸರಿಯಾ ಗೊತ್ತಿಲ್ಲ. ಇವ್ಳು ಮೊನ್ನೆ ಎಳೆ ಮೊಗ್ಗು ಕೊಯ್ದಳು.’

‘ಅಂದ್ರೆ ಎಂತ?’

‘ಬೆಳಿಗ್ಗೆ ಬೆಳೆದ ಮೊಗ್ಗು ಕೊಯ್ದು ಆತು. ಮಧ್ಯಾಹ್ನ ನೋಡ್ತೆ, ಗಿಡದ ಬುಡದಲ್ಲಿ ಕೂತು ಹಸಿರು ಮೊಗ್ಗು ಕೊಯ್ತಿದ್ಲು. ನಾಳಿದು, ನಾಡಿದ್ದಿದು ಎಲ್ಲ. ಎಂತಕ್ಕೆ ಮಾರಾಯ್ತಿ ಅಂದ್ರೆ, ನಾಳೆವರೆಗೆ ಯಾರು ಕಾಯೂದು ಅಂದ್ಲು. ಹೂ ಕಟ್ಟುವವಳು ಹಂಗೆ ಮಾಡೂದಿಲ್ಲ ಬಾಯೋರೇ. ಮದುವೆಯಾದ ಮರುವರ್ಷವೂ ಒಂದ್ಸಲ ಹಂಗೇ ಮಾಡಿದ್ಲು. ಗಿಡ ಎಲ್ಲ ಬೋಳು. ಅದಾದ ಮೇಲೆ ಆಗಲೂ ಹಿಂಗೇ ಮೂಲೆ ಹಿಡಿದಿದ್ಲು, ಮಾತಿಲ್ಲ, ಕತೆಯಿಲ್ಲ.’

ನಾನು ಕೈಯ ಸೋಪು ತೊಳೆಯುವುದನ್ನು ಮರೆತು ಒಳಗೆ ಹೋಗಿ ಡಾಕ್ಟರ ಕಿವಿಯಲ್ಲಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮತ್ತೆ ಮೊದಲಿಂದ ಕೇಳಿದಾಗ ಒಂದೊಂದೇ ಹೊರಗೆ ಬಂತು. ನಾಲ್ಕು ದಿನದಿಂದ ನಿದ್ದೆಯಿಲ್ಲ, ಆದರೆ ದಣಿವೂ ಇಲ್ಲ. ಮಾತು ಒಂದರ ಬಾಲ ಹಿಡಿದು ಇನ್ನೊಂದು. ಮುರ್ಡೇಶ್ವರದಲ್ಲಿ ಹೂವಿನ ದೊಡ್ಡ ಅಂಗಡಿ ಹಾಕುವುದಾಗಿ ನಾಲ್ಕಾರು ಜನಕ್ಕೆ ಮಾತು ಕೊಟ್ಟು ಬಂದಿದ್ದಳು. ಇದು ಬರೀ ಖಿನ್ನತೆಯಲ್ಲ, ಮನಸ್ಸು ಮೇಲಕ್ಕೂ ಕೆಳಕ್ಕೂ ಹೋಗುವ ಕಾಯಿಲೆ, ಬೈಪೋಲಾರ್. ಇಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಮನಸ್ಸು ಮಧ್ಯದಲ್ಲಿ ನಿಲ್ಲದೆ ಮೇಲಕ್ಕೆ ಹಾರುವುದುಂಟು. ಡಾಕ್ಟರು ಆ ಮಾತ್ರೆ ನಿಲ್ಲಿಸಿ, ಅವಳನ್ನು ಅಲ್ಲೇ ದಾಖಲು ಮಾಡಿಕೊಂಡರು.

ಕಾಯಿಲೆಯನ್ನು ಗುರುತಿಸಿದ್ದು ಅತ್ತೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದ್ದನ್ನು ಓದುವಾಗ ನೆನಪಿರಲಿ.

ಲಿಥಿಯಂ ಕೊಡುವುದೆಂದು ತೀರ್ಮಾನವಾಯಿತು. ಹಳೆಯ ಔಷಧ, ಒಗ್ಗಿದವರಿಗೆ ಅದರಷ್ಟು ಗಟ್ಟಿಯಾಗಿ ಮನಸ್ಸನ್ನು ಹಿಡಿದಿಡುವುದು ಬೇರೆ ಇಲ್ಲ. ಆದರೆ ಅದರ ಹದ ತೀರ ಕಿರಿದು. ರಕ್ತದಲ್ಲಿ ಕಡಿಮೆಯಾದರೆ ಕೆಲಸ ಮಾಡದು, ಸ್ವಲ್ಪ ಹೆಚ್ಚಾದರೆ ವಿಷ. ಶುರು ಮಾಡುವ ಮೊದಲು ಮೂತ್ರಪಿಂಡ, ಥೈರಾಯ್ಡ್, ಹೃದಯ ಎಲ್ಲ ನೋಡಬೇಕು, ಗರ್ಭಿಣಿಯಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಶುರುವಾದ ಮೇಲೆ ರಾತ್ರಿಯ ಮಾತ್ರೆ ಮತ್ತು ಬೆಳಗಿನ ಮಾತ್ರೆಯ ನಡುವೆ ಸರಿಯಾದ ಹೊತ್ತಿಗೆ ರಕ್ತ ತೆಗೆದು ಮಟ್ಟ ನೋಡಬೇಕು. ನಮ್ಮಲ್ಲಿ ಆ ಪರೀಕ್ಷೆ ಆಗುವುದಿಲ್ಲ, ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಮಂಗಳೂರು ಕಡೆಗೆ ಕಳಿಸುತ್ತೇವೆ. ಅವಳ ವರದಿ ಬಂದಾಗ ಮಟ್ಟ ಎಲ್ಲಿರಬೇಕೋ ಅಲ್ಲಿತ್ತು. ಮಾತು ನಿಧಾನವಾಗಿತ್ತು. ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಜೊತೆಗಿರಲು ಬಂದಿದ್ದ ತನ್ನ ಅಕ್ಕನ ಹತ್ತಿರ ಬಾಳೆನಾರು ತರಿಸಿಕೊಂಡು ಮಂಚದ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಅವಳ ಬೆರಳು ಓಡುವುದನ್ನು ನಾನು ನಿಂತು ನೋಡಿದೆ. ಗಂಟು ಎಲ್ಲಿ ಬೀಳುತ್ತದೆ ಎಂದು ಕಣ್ಣಿಗೆ ಸಿಗಲಿಲ್ಲ.

ಮನೆಗೆ ಕಳಿಸುವ ದಿನ ಗಂಡನೊಬ್ಬನೇ ಬಂದಿದ್ದ, ಈ ಸಲ ಆಟೋದಲ್ಲೇ. ಮಲ್ಲಿಗೆ ಹುಲುಸಾಗಿ ಬಿಡುವ ಕಾಲವಾದ್ದರಿಂದ ಅತ್ತೆಗೆ ಬರಲಾಗಿರಲಿಲ್ಲ. ಅವನಿಗೆ ಒಂದೇ ಹೆದರಿಕೆ: ‘ಇದು ಅಮಲಿನ ಮಾತ್ರೆಯಾ ಡಾಕ್ಟ್ರೇ? ಚಟ ಹಿಡೀತದಾ?’

‘ಅಮಲು ಏನೂ ಇಲ್ಲಪ್ಪ’ ಎಂದರು ಡಾಕ್ಟರು. ‘ಕಲ್ಲು ಮಣ್ಣಿನಲ್ಲಿ ಸಿಗುವಂಥದ್ದು. ಒಂದು ಥರದ ಉಪ್ಪು ಅಂತ ತಿಳ್ಕೊ.’

ಅದು ಸುಳ್ಳಲ್ಲ. ಅವನ ಹೆದರಿಕೆ ಹೋಯಿತು. ಆಮೇಲೆ ನಾನು ಹೇಳಬೇಕಾದ್ದೆಲ್ಲ ಹೇಳಿದೆ: ನೀರು ಚೆನ್ನಾಗಿ ಕುಡಿಯಬೇಕು, ಊಟದ ಉಪ್ಪು ಯಾವಾಗಿನ ಹಾಗೇ ಇರಬೇಕು, ಮೈಕೈ ನೋವೆಂದು ಅಂಗಡಿಯ ಮಾತ್ರೆ ನುಂಗಬಾರದು, ವಾಂತಿ ಭೇದಿಯಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು. ‘ಪಥ್ಯ?’ ಎಂದು ಕೇಳಿದ. ‘ಪಥ್ಯ ಎಂತದೂ ಇಲ್ಲ’ ಎಂದೆ. ಅವನು ತಲೆಯಾಡಿಸಿದ. ಮಧ್ಯಾಹ್ನದ ಊಟ ಹೋಟೆಲಿನಲ್ಲಿ ಮಾಡುವ, ರಾತ್ರಿ ಬಡಿಸಿದ್ದನ್ನು ಉಣ್ಣುವ ಮನುಷ್ಯ ಅವನು. ಅಡುಗೆಮನೆಗೆ ಹೇಳಬೇಕಾದ್ದನ್ನು ನಾವು ಆಟೋಸ್ಟ್ಯಾಂಡಿಗೆ ಹೇಳಿ ಕಳಿಸಿದ್ದೆವು.

ಅವನು ಮನೆಗೆ ಹೋಗಿ ಏನು ಹೇಳಿದ ಎನ್ನುವುದು ನನಗೆ ಆಮೇಲೆ ತಿಳಿಯಿತು. ‘ಅಮ್ಮ, ಅದು ಒಂದು ನಮೂನಿ ಉಪ್ಪಂತೆ. ನೀರು ಕುಡೀಬೇಕಂತೆ. ಪಥ್ಯ ಇಲ್ವಂತೆ.’

ಒಂದು ತಿಂಗಳು ಎಲ್ಲ ಸರಿಯಿತ್ತು. ಫೋನಿನಲ್ಲಿ ಅವಳೇ ಮಾತಾಡಿದಳು. ಹೂ ಕಟ್ಟುತ್ತಿದ್ದೇನೆ, ನಿದ್ದೆ ಬರುತ್ತದೆ ಎಂದಳು. ಬೇಸಿಗೆ ಕಾವೇರುತ್ತಿತ್ತು. ಮುಂದಿನ ರಕ್ತಪರೀಕ್ಷೆಯ ದಿನ ಹತ್ತಿರವಿತ್ತು. ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ಗಂಡನ ಫೋನು ಬಂತು.

‘ಸಿಸ್ಟರ್, ಎರಡು ದಿನದಿಂದ ಸ್ವಲ್ಪ ಭೇದಿ. ಕೈ ನಡುಗ್ತದೆ. ಇವತ್ತು ನಡೆಯೂಕೂ ಆಗೂದಿಲ್ಲ. ಅಮ್ಮ ಹೇಳ್ತದೆ, ಮದ್ದು ಮೈಗೆ ಹಿಡೀತಾ ಉಂಟು, ಹೆದರೂದು ಬೇಡ ಅಂದಿ.’

‘ಮಾತ್ರೆ ಕೊಡಬೇಡ. ಈಗಿಂದೀಗಲೇ ಹೊರಡು’ ಎಂದೆ. ಅಂದು ನಮ್ಮ ಗಾಡಿ ಭಟ್ಕಳದಲ್ಲಿತ್ತು. ಗಂಡ, ಅತ್ತೆ ಸೇರಿ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಯ ಬಾಗಿಲಿಗೇ ಬಂದರು. ಯಾರು ನೋಡುತ್ತಾರೆ ಎಂಬ ಸಂಕೋಚಕ್ಕೆಲ್ಲ ಆಗ ಹೊತ್ತಿರಲಿಲ್ಲ. ಅವಳನ್ನು ಇಳಿಸಿದಾಗ ಕುಡಿದವರ ಹಾಗೆ ಎರಡೂ ಕಾಲು ಅಗಲಿಸಿ ತೂರಾಡಿದಳು. ಬಾಗಿಲಲ್ಲಿದ್ದ ಯಾರೋ ‘ಬೆಳಿಗ್ಗೆ ಬೆಳಿಗ್ಗೆಯೇ’ ಎಂದು ನಕ್ಕರು. ನಾನು ಅವರಿಗೆ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವಳ ಕೈಯ ನಡುಕ ಸಣ್ಣದಲ್ಲ, ಮೊಣಕೈಯಿಂದ ಕೆಳಗೆ ಇಡೀ ಕೈ ಕುಣಿಯುತ್ತಿತ್ತು. ಹೆಸರು ಕೇಳಿದರೆ ನಾಲಿಗೆ ಹೊರಳಲಿಲ್ಲ. ಡಾಕ್ಟರು ನೋಡಿದ ತಕ್ಷಣ ‘ಲಿಥಿಯಂ ಏರಿದೆ’ ಎಂದರು. ರಕ್ತ ತೆಗೆದು, ಸಲೈನ್ ಹಚ್ಚಿ, ತೆಂಕಲಿಗೆ ಶಿರೂರು ದಾಟಿ ಡಯಾಲಿಸಿಸ್ ಇರುವ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದರು.

ಆಂಬುಲೆನ್ಸ್ ಬರುವವರೆಗೆ ಡಾಕ್ಟರಿಗಿದ್ದ ಅನುಮಾನ ಒಂದೇ: ಒಟ್ಟಿಗೆ ಎಷ್ಟೋ ಮಾತ್ರೆ ನುಂಗಿರಬೇಕು. ಜೀವ ಬೇಡ ಎಂದಿದ್ದ ಹುಡುಗಿ. ಗಂಡ ಮಾತ್ರೆಯ ಹಾಳೆಗಳನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಹರಡಿದ. ಒಂದೂ ಹೆಚ್ಚು ಖರ್ಚಾಗಿರಲಿಲ್ಲ. ‘ನನ್ನ ಕೈಯಾರೆ ಕೊಟ್ಟಿದ್ದೆ ಡಾಕ್ಟ್ರೇ’ ಎನ್ನುತ್ತಿದ್ದ. ನೋವಿನ ಮಾತ್ರೆ? ಕೊಟ್ಟಿಲ್ಲ. ಭೇದಿ ಮೊದಲೋ ನಡುಕ ಮೊದಲೋ? ನಡುಕ. ಹಾಗಾದರೆ ಭೇದಿಯಿಂದ ಏರಿದ್ದೂ ಅಲ್ಲ. ಕಾರಣ ಸಿಗಲಿಲ್ಲ.

ಆಂಬುಲೆನ್ಸಿನಲ್ಲಿ ನಾನೂ ಅತ್ತೆಯೂ ಹೋದೆವು. ಗಂಡ ಹಿಂದೆ ಆಟೋದಲ್ಲಿ ಬಂದ. ಅತ್ತೆ ಸೊಸೆಯ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತ ಕೂತಿದ್ದರು. ಸುಮ್ಮನೆ ಮಾತಿಗೆಂದು ಕೇಳಿದೆ, ‘ನಿನ್ನೆ ಮೊನ್ನೆ ಊಟ ಎಂತ ಮಾಡಿದ್ಲು?’

‘ಬರೇ ಗಂಜಿ ಬಾಯೋರೇ. ಪಥ್ಯ ಅಲ್ದಾ.’

‘ಯಾವ ಪಥ್ಯ?’

ಅವರು ನನ್ನ ಕಡೆ ನೋಡಿದರು. ಆ ಮುಖದಲ್ಲಿ ಇದ್ದದ್ದು ಹೆಮ್ಮೆ.

‘ಒಂದು ಹರಳು ಉಪ್ಪು ಮುಟ್ಟಿಸ್ಲಿಲ್ಲ. ಮಗ ಬಂದು ಪಥ್ಯ ಇಲ್ಲ ಅಂದ. ಅವ್ನಿಗೆ ಎಂತ ಗೊತ್ತು? ಪಥ್ಯ ಇಲ್ದಿದ್ದ ಮದ್ದು ಅದೆಯಾ? ಇವ್ಳ ಮಾವನಿಗೆ ಕಾಮಾಲೆ ಆದಾಗ ಉಪ್ಪು, ಹುಳಿ, ಮೀನು ಎಲ್ಲ ಬಿಡಿಸಿ ಬದುಕಿಸಿಕೊಂಡವಳು ನಾನು. ಅದೂ ಈ ಮದ್ದೇ ಉಪ್ಪು ಅಂದ್ರು. ಒಳಗೆ ಒಂದು ಉಪ್ಪು, ಮೇಲಿಂದ ಒಂದು ಉಪ್ಪು. ಎರಡು ಉಪ್ಪು ಸೇರಿರೆ ಮದ್ದು ಮುರೀತದೆ ಅಲ್ದಾ? ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೆ. ಬೇಕು ಅಂದಿ ಅತ್ತರೂ ಕೊಡ್ಲಿಲ್ಲ.’

ನಮ್ಮ ಮೂತ್ರಪಿಂಡಕ್ಕೆ ಲಿಥಿಯಂ ಬೇರೆ, ಊಟದ ಉಪ್ಪು ಬೇರೆ ಎನ್ನುವ ಭೇದ ಅಷ್ಟಾಗಿ ಗೊತ್ತಾಗುವುದಿಲ್ಲ. ಉಪ್ಪು ಸಿಗದಿದ್ದರೆ ಅದು ಲಿಥಿಯಮ್ಮನ್ನೇ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಹೋಗಬೇಕಾದ ಔಷಧ ದಿನದಿನವೂ ರಕ್ತದಲ್ಲೇ ಉಳಿಯುತ್ತದೆ. ಮೇಲೆ ಬೇಸಿಗೆಯ ಬೆವರು. ಎಲ್ಲ ಒಂದೇ ಕ್ಷಣದಲ್ಲಿ ನನಗೆ ಹೊಳೆಯಿತು. ಮೊದಲು ಮುದುಕಿಯ ಮೇಲೆ ಎಂಥ ಸಿಟ್ಟು ಬಂತೆಂದರೆ ಕೂಗಿಬಿಡುತ್ತಿದ್ದೆ. ಆಮೇಲೆ ಮಗನ ಮೇಲೆ ಬಂತು, ಆಮೇಲೆ ಉಪ್ಪು ಎಂಬ ಮಾತಿನ ಮೇಲೆಯೇ ಬಂತು. ಅವರು ಕಾಲು ಒತ್ತುತ್ತಲೇ ಇದ್ದರು. ನಾನು ಡಾಕ್ಟರಿಗೆ ಫೋನ್ ಮಾಡಿ, ‘ಸರ್, ಸೋಡಿಯಂ ಪೂರ್ತಿ ಬಿಟ್ಟಿದ್ದಾರೆ’ ಎಂದಷ್ಟೇ ಹೇಳಿದೆ. ದೊಡ್ಡ ಆಸ್ಪತ್ರೆಗೆ ಅದನ್ನು ತಿಳಿಸಲು ಅವರು ಕೂಡಲೇ ಫೋನಿಟ್ಟರು.

ಡಯಾಲಿಸಿಸ್ ಆಯಿತು, ಮತ್ತೊಮ್ಮೆ ಆಯಿತು. ಜೀವ ಉಳಿಯಿತು. ಪ್ರಜ್ಞೆ ಮರಳಿದಾಗ ಅವಳು ಮೊದಲು ಕೇಳಿದ್ದು ಗಿಡಕ್ಕೆ ನೀರು ಹಾಕಿದಿರಾ ಎಂದು. ಮಾತು ತೊದಲಿತು, ಆದರೆ ಕೇಳಿದ್ದು ಅದನ್ನೇ. ರಕ್ತದಲ್ಲಿ ಲಿಥಿಯಂ ಇಳಿದು ಇಲ್ಲವೇ ಇಲ್ಲವೆಂದಾದ ಮೇಲೂ ಕೈಯ ನಡುಕ ನಿಲ್ಲಲಿಲ್ಲ. ಮಿದುಳಿನ ಹಿಂಭಾಗ, ಕೈಕಾಲಿನ ಹಿಡಿತ ನೋಡಿಕೊಳ್ಳುವ ಭಾಗ, ಏಟು ತಿಂದಿತ್ತು. ಅಲ್ಲಿಯ ಡಾಕ್ಟರು ‘ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹೀಗೇ ಉಳಿಯುತ್ತದೆ’ ಎಂದರು. ಗಂಡ ನನ್ನನ್ನು ಮೂಲೆಗೆ ಕರೆದ.

‘ಸಿಸ್ಟರ್, ನಂಗೆ ಗೊತ್ತಾತು. ಡಾಕ್ಟ್ರು ಹೇಳಿದ್ರು. ನಿಮ್ಮ ಕಾಲಿಗೆ ಬೀಳ್ತೆ, ಅಮ್ಮನಿಗೆ ಹೇಳಬೇಡಿ. ಸತ್ತೇ ಹೋಗ್ತದೆ.’

ಹೇಳದೇ ಬಿಡಬಹುದಿತ್ತು. ಲಿಥಿಯಂ ಮತ್ತೆ ಕೊಡುವಂತಿರಲಿಲ್ಲ. ಉಪ್ಪಿನ ಗೊಡವೆಯಿಲ್ಲದ ಬೇರೆ ಮಾತ್ರೆಗೆ ಬದಲಿಸುವುದೆಂದು ನಮ್ಮ ಡಾಕ್ಟರು ಆಗಲೇ ತೀರ್ಮಾನಿಸಿದ್ದರು. ಔಷಧ ಒಗ್ಗಲಿಲ್ಲ ಎಂದರೆ ಮುಗಿಯಿತು. ಅದೂ ಅರ್ಧ ಸತ್ಯವೇ. ನಾನು ಡಾಕ್ಟರನ್ನು ಕೇಳಿದೆ. ‘ಹೇಳಬೇಕು ಅನ್ನುತ್ತೆ ನನ್ನ ಬುದ್ಧಿ. ಆದರೆ ಆ ಅಮ್ಮನ ಜೊತೆ ಮಾತಾಡುವವರು ನೀವು. ನೀವೇ ನೋಡಿ’ ಎಂದರು. ಒಂದು ವಾರ ನಾನು ಹೇಳಲಿಲ್ಲ. ಅವಳನ್ನು ನೋಡಲು ಹೋದಾಗ ಅತ್ತೆ ಎದುರಾದರೆ ಏನಾದರೂ ಕೆಲಸ ಹುಡುಕಿಕೊಂಡು ಆಚೆ ಹೋಗುತ್ತಿದ್ದೆ.

ಮನೆಗೆ ಕಳಿಸುವ ದಿನ ಹೊಸ ಮಾತ್ರೆಯ ವಿವರ ಹೇಳಲು ಅತ್ತೆಯನ್ನೇ ಕೂರಿಸಿಕೊಂಡೆ. ಅಷ್ಟು ಬುದ್ಧಿ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು.

‘ಬಾಯೋರೇ, ಈ ಸಲ ಪಥ್ಯ ಇನ್ನೂ ಗಟ್ಟಿ ಮಾಡ್ತೆ. ನಾ ಯೋಚನೆ ಮಾಡ್ದೆ. ಹೋದ ಸಲ ಒಂದಿನ ಅವ್ಳು ನನ್ನ ಕಣ್ಣು ತಪ್ಪಿಸಿ ಪಕ್ಕದ ಮನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ತಿಂದಿದ್ಲು. ಅದಕ್ಕೇ ಮದ್ದು ಮುರಿದು ಹಿಂಗೆ ಆದದ್ದು. ಈ ಸಲ ಒಳಗಿಂದ ಚಿಲಕ ಹಾಕ್ತೆ.’

ಆಗ ನನಗೆ ಬೇರೆ ದಾರಿ ಉಳಿಯಲಿಲ್ಲ. ಗಂಡ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದ. ನಾನು ಅವನ ಕಡೆ ನೋಡುವುದನ್ನು ಬಿಟ್ಟು ಅತ್ತೆಗೆ ಹೇಳಿದೆ. ಆದಷ್ಟು ಮೆತ್ತಗೆ, ಆದರೆ ಪೂರ್ತಿ. ಮೈಯಲ್ಲಿ ಉಪ್ಪಿದ್ದರೆ ಆ ಮದ್ದು ದಿನಾ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತಿತ್ತು, ಉಪ್ಪಿಲ್ಲದಿದ್ದಕ್ಕೆ ಒಳಗೇ ಉಳಿದು ವಿಷವಾಯಿತು ಎಂದೆ. ಉಪ್ಪಿನಕಾಯಿ ತಿಂದ ದಿನ ಅವಳಿಗೆ ಒಳ್ಳೆಯದೇ ಆಗಿತ್ತು ಎಂದೆ.

ಅವರು ಅಳಲಿಲ್ಲ. ಹಿಡಿದಿದ್ದ ನನ್ನ ಕೈಯನ್ನು ಬಿಡಲೂ ಇಲ್ಲ.

‘ಹಂಗಾರೆ ಆ ಮದ್ದಿಗೆ ಉಪ್ಪೇ ಪಥ್ಯ ಆಗಿತ್ತಾ?’

‘ಹೌದು.’

‘ಅದು ನಂಗೆ ಯಾರೂ ಹೇಳ್ಲಿಲ್ಲ ಅಲ್ದಾ?’

ದೂರುವ ದನಿಯಲ್ಲ ಅದು. ತಾನು ಕೇಳಿಸಿಕೊಂಡು ಮರೆತೆನೋ ಎಂದು ಹುಡುಕುವ ದನಿ.

‘ನಿಮಗೆ ಹೇಳ್ಲಿಲ್ಲ’ ಎಂದೆ. ‘ಮಗನಿಗೆ ಹೇಳಿದ್ವು. ನಿಮಗೆ ಹೇಳಬೇಕಾಗಿತ್ತು.’

‘ಅವ್ಳು ಉಪ್ಪು ಬೇಕು ಅಂದಿ ಅತ್ತಿದ್ಲು ಬಾಯೋರೇ’ ಎಂದರು. ಮತ್ತೆ ಅದನ್ನೇ ಹೇಳಿದರು.

ಮಳೆಗಾಲ ಕಳೆಯಿತು. ಹೊಸ ಮಾತ್ರೆಯನ್ನು ತುಸುತುಸುವೇ ಏರಿಸಬೇಕಿತ್ತು. ಏರಿಸುವಷ್ಟರಲ್ಲಿ ಖಿನ್ನತೆ ಒಮ್ಮೆ ಮರಳಿ ಬಂದು ಅವಳನ್ನು ಮತ್ತೆ ಮೂಲೆಗೆ ಕೂರಿಸಿತು. ಡಾಕ್ಟರು ಇನ್ನೊಂದು ಔಷಧ ಸೇರಿಸಿದರು. ನಿಧಾನವಾಗಿ ಮನಸ್ಸು ನೆಲೆಗೆ ಬಂತು. ನಮ್ಮ ಲೆಕ್ಕದಲ್ಲಿ ಚಿಕಿತ್ಸೆ ಫಲಿಸಿತು. ಈಗ ನಾವು ಯಾರಿಗೇ ಮಾತ್ರೆ ಕೊಡಲಿ, ಮೊದಲು ಕೇಳುವುದು ‘ಮನೆಯಲ್ಲಿ ಅಡುಗೆ ಯಾರದು?’ ಎಂದು. ಆ ವ್ಯಕ್ತಿ ಬರುವವರೆಗೆ ಸೂಚನೆ ಹೇಳುವುದಿಲ್ಲ. ಪಥ್ಯ ಇಲ್ಲ ಎನ್ನುವ ಮಾತನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ‘ಇದಕ್ಕೆ ಪಥ್ಯ ಉಂಟು, ಏನೆಂದರೆ ದಿನಾ ಉಣ್ಣುವುದನ್ನೇ ಉಣ್ಣಬೇಕು’ ಎನ್ನುತ್ತೇನೆ. ಆಗ ನಂಬುತ್ತಾರೆ.

ಮೊನ್ನೆ ಭಟ್ಕಳದ ದಿನ ಮುಗಿಸಿ ಹೆಬಳೆಗೆ ಹೋದೆ. ಅತ್ತೆ ಸೊಸೆ ಇಬ್ಬರೂ ಜಗಲಿಯಲ್ಲಿ ಹೂವಿನ ಬುಟ್ಟಿಯ ಮುಂದೆ ಕೂತಿದ್ದರು. ಕಟ್ಟುತ್ತಿದ್ದದ್ದು ಅತ್ತೆ. ಸೊಸೆ ಬಾಳೆನಾರಿನ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸುತ್ತಿ ಬಿಗಿಯಾಗಿ ಹಿಡಿದಿದ್ದಳು. ಮೊಗ್ಗು ಜೋಡಿಸಲು ನೋಡಿದರೆ ಬೆರಳು ಕುಣಿದು ಚೆಲ್ಲಿಹೋಗುತ್ತವೆ, ತೊಟ್ಟು ಮುರಿಯುತ್ತದೆ. ಅತ್ತೆಯ ಗಂಟು ದಪ್ಪ, ಹೂ ಒತ್ತಾಗಿ ಕೂರುವುದಿಲ್ಲ. ಮದುವೆ ಮನೆಯವರು ಈಗ ಬೇರೆಯವರಿಗೆ ಹೇಳುತ್ತಾರಂತೆ.

‘ಎಂತ ಮಾಡೂದು, ಅತ್ತೆಗೆ ಕಲಿಸ್ತಾ ಇದ್ದೆ’ ಎಂದು ಅವಳು ತೊದಲುತ್ತಲೇ ನಕ್ಕಳು. ‘ಎಷ್ಟು ಹೇಳಿರೂ ಗೋಣಿಚೀಲ ಹೊಲಿದ ಹಂಗೇ ಕಟ್ತದೆ.’

ನಗು ನಿಜವಾದದ್ದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದನ್ನು ಅಳೆದು ನೋಡುವುದು ನನ್ನ ಕಸುಬು, ಅಷ್ಟರಮಟ್ಟಿಗೆ ಸಮಾಧಾನವಾಯಿತು. ಅತ್ತೆ ತೆಳ್ಳಗಾಗಿದ್ದರು. ಎಲ್ಲರಿಗೂ ಕೇಳುವುದನ್ನೇ ಅವರಿಗೂ ಕೇಳಿದೆ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಜೀವ ಬೇಡ ಅನಿಸುತ್ತದೆಯೇ?

‘ಜೀವ ಬೇಡ ಅಂದ್ರೆ ನಾರು ಹಿಡಿದು ಕೂತವ್ಳಿಗೆ ಹೂ ಕಟ್ಟುವವರು ಯಾರು?’ ಎಂದರು. ‘ಗಂಜಿ ಉಂಡು ಹೋಗಿ ಬಾಯೋರೇ.’

ಒಳಗೆ ಮೂರು ಬಟ್ಟಲು ಇಟ್ಟರು. ಒಣಮೀನಿನ ಚಟ್ನಿ, ಮಾವಿನಕಾಯಿ ಉಪ್ಪಿನಕಾಯಿ. ಉಪ್ಪಿನ ಮರಿಗೆಯನ್ನು ಸೊಸೆಯೇ ಎತ್ತಿಕೊಂಡಳು. ನನ್ನ ಬಟ್ಟಲಿಗೆ ಒಂದು ಚಿಟಿಕೆ ಹಾಕಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿತು. ತನ್ನದಕ್ಕೂ ಹಾಕಿಕೊಂಡಳು. ಅತ್ತೆಯ ಎದುರಿಗಿದ್ದದ್ದು ಬರೀ ಗಂಜಿ. ಚಟ್ನಿಯಿಲ್ಲ, ಉಪ್ಪಿನಕಾಯಿಯಿಲ್ಲ.

‘ನಿಮಗೆ?’ ಎಂದೆ.

‘ನಂದು ಪಥ್ಯ, ಬಾಯೋರೇ.’

‘ಯಾವ ಮದ್ದಿಗೆ?’

ಅವರು ಗಂಜಿ ಕಲಸತೊಡಗಿದರು. ಹಿತ್ತಲಲ್ಲಿ ಬೆವರು ಸುರಿಸಿ ದುಡಿಯುವ ಈ ವಯಸ್ಸಿನಲ್ಲಿ ಉಪ್ಪು ಬಿಟ್ಟರೆ ತಲೆ ತಿರುಗಿ ಬೀಳುತ್ತೀರಿ, ಇದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ ಎಂದು ನಾನು ಹೇಳಿದೆ. ಬೈದೆ. ಬೇಡಿಕೊಂಡೆ ಕೂಡ.

‘ಆಸ್ಪತ್ರೆಯಿಂದ ಬಂದ ದಿನದಿಂದ ಹಿಂಗೇ’ ಎಂದಳು ಸೊಸೆ. ‘ನಾ ದಿನಾ ಹಾಕೂಕೆ ನೋಡ್ತೆ. ಬಿಡೂದೇ ಇಲ್ಲ.’

ಅವಳು ಮರಿಗೆಯಿಂದ ಮತ್ತೊಂದು ಚಿಟಿಕೆ ಎತ್ತಿದಳು. ಮುದುಕಿ ಅಂಗೈಯಿಂದ ತನ್ನ ಬಟ್ಟಲನ್ನು ಮುಚ್ಚಿಕೊಂಡರು. ಸೊಸೆ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ನಡುಗುವ ಆ ಬೆರಳುಗಳಿಂದ ಉಪ್ಪು ಉದುರಿ ಉದುರಿ ಅತ್ತೆಯ ಮುಂಗೈ ಮೇಲೆ ಬೀಳುತ್ತಿತ್ತು, ಅವರು ಕೈ ಎತ್ತಲಿಲ್ಲ.